ಹಸುರಿನ ಅಂಕಿ, ಇಂಗಾಲದ ಲೆಕ್ಕ: ಠಾಣೆ ಖಾಡಿಯ ಸುತ್ತಮುತ್ತ ಉಪಗ್ರಹದ ದೃಷ್ಟಿ

ಹಳಗನ್ನಡದ 'ಪಸುರ್' ಇಂದಿನ 'ಹಸುರು' ಆಗಿ ಬಳಕೆಯಲ್ಲಿದೆ. ಈ ಪದ ಬಣ್ಣವನ್ನೂ ಸೂಚಿಸುತ್ತದೆ, ಬೆಳೆದು ನಿಂತ ಗಿಡಮರಗಳನ್ನೂ ಸೂಚಿಸುತ್ತದೆ. ಆಡುಮಾತಿನಲ್ಲಾಗಲೀ ಕಾವ್ಯದಲ್ಲಾಗಲೀ ಈ ಎರಡರ್ಥದಿಂದ ಯಾರಿಗೂ ತೊಂದರೆಯಾದುದಿಲ್ಲ. ಆದರೆ ಏಳುನೂರು, ಎಂಟುನೂರು ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹದ ನೆರವಿನಿಂದ ಒಂದು ಪ್ರದೇಶದ ಸಸ್ಯಗಳ ಬೆಳವಣಿಗೆಯನ್ನೂ ಅವು ಹೀರಿಕೊಳ್ಳುವ ಇಂಗಾಲವನ್ನೂ ಅಂದಾಜು ಮಾಡಹೊರಟಾಗ ಇದೇ ತೊಡಕಿನ ಮೂಲವಾಗುತ್ತದೆ. ಉಪಗ್ರಹಕ್ಕೆ ದೊರೆಯುವುದು ಬಣ್ಣ; ಕೇಳುವವರಿಗೆ ಬೇಕಾದುದು ಗಿಡದ ಲೆಕ್ಕ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಹಲವು ಮೆಟ್ಟಿಲುಗಳಿವೆ. ಪ್ರತಿ ಮೆಟ್ಟಿಲಿನಲ್ಲೂ ಒಂದು ಊಹೆ ಅಡಗಿದೆ.

ಠಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳನ್ನು ಒಳಗೊಂಡ ಭೂಭಾಗ ಈ ಮಾತನ್ನು ಪರಿಶೀಲಿಸಲು ತಕ್ಕ ಕ್ಷೇತ್ರ. ಠಾಣೆಯ ಬೆನ್ನಿಗೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಯೇವೂರಿನ ಗುಡ್ಡಗಳಿವೆ. ಪೂರ್ವಕ್ಕೆ ಪಾರಸಿಕ ಬೆಟ್ಟಸಾಲು, ನಡುವೆ ಠಾಣೆಯ ಖಾಡಿ, ಕಲ್ಯಾಣದ ಬಳಿ ಉಲ್ಹಾಸ ನದಿ. ನವಿಮುಂಬಯಿಯನ್ನು ಕಟ್ಟಲು ಸಿಡ್ಕೋ ಸಂಸ್ಥೆ ಸ್ಥಾಪನೆಯಾದುದು ೧೯೭೦ರಲ್ಲಿ. ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಕಕ್ಷೆ ಸೇರಿದುದು ೧೯೭೨ರ ಜುಲೈಯಲ್ಲಿ. ಎಂದರೆ ಗದ್ದೆ, ಉಪ್ಪಿನಗದ್ದೆಗಳಿದ್ದ ನೆಲ ನಗರವಾದ ಕಥೆಯೆಲ್ಲ, ಆರಂಭದಿಂದಲೇ, ಆಕಾಶದ ಕಣ್ಣಿನ ಕೆಳಗೆ ನಡೆದಿದೆ. ಇಂತಹ ಅವಕಾಶ ಭಾರತದ ಹೆಚ್ಚು ನಗರಗಳಿಗೆ ಒದಗಿಲ್ಲ.

ಮೊದಲಿಗೆ ಮೂಲತತ್ತ್ವವನ್ನು ತಿಳಿಯಬೇಕು. ಎಲೆಯಲ್ಲಿರುವ ಪತ್ರಹರಿತ್ತು ಸೂರ್ಯನ ಬೆಳಕಿನ ಕೆಂಪು ಭಾಗವನ್ನು ಬಹುಪಾಲು ಹೀರಿಕೊಂಡು ಆಹಾರ ತಯಾರಿಕೆಗೆ ಬಳಸುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನಾದರೋ ಎಲೆಯ ಒಳಗಿನ ಜೀವಕೋಶಗಳ ರಚನೆ ಹಿಂದಕ್ಕೆ ಚಿಮ್ಮಿಸುತ್ತದೆ. ಆದುದರಿಂದ ಆರೋಗ್ಯವಂತ ಎಲೆ ಕೆಂಪಿನಲ್ಲಿ ಕಪ್ಪು, ಅವಕೆಂಪಿನಲ್ಲಿ ಉಜ್ವಲ. ಈ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸಸ್ಯ ಸೂಚ್ಯಂಕ. ಉದಾಹರಣೆಗೆ, ದಟ್ಟ ಹಸುರು ಕೆಂಪಿನ ನೂರರಲ್ಲಿ ೪ ಪಾಲನ್ನೂ ಅವಕೆಂಪಿನ ೩೬ ಪಾಲನ್ನೂ ಪ್ರತಿಫಲಿಸಿದರೆ, ೩೨ನ್ನು ೪೦ರಿಂದ ಭಾಗಿಸಿ ೦.೮ ಎಂಬ ಉತ್ತರ ದೊರೆಯುತ್ತದೆ. ಕಟ್ಟಡಕ್ಕಾಗಿ ಅಗೆದ ಬರಿನೆಲ ೨೦ ಮತ್ತು ೨೫ ಪಾಲುಗಳನ್ನು ಪ್ರತಿಫಲಿಸಿದರೆ ಉತ್ತರ ೦.೧೧. ನಿಂತ ನೀರಿಗೆ ಬಹುಮಟ್ಟಿಗೆ ಸೊನ್ನೆಗಿಂತ ಕಡಮೆ. ಪ್ರಾಥಮಿಕ ಶಾಲೆಯ ಗಣಿತಕ್ಕಿಂತ ಇದು ಕಠಿಣವಲ್ಲ. ಇದರ ಜನಪ್ರಿಯತೆಗೂ ದುರುಪಯೋಗಕ್ಕೂ ಈ ಸರಳತೆಯೇ ಕಾರಣವೆನ್ನಬಹುದು.

ಭಾರತ ಈ ಕಾರ್ಯಕ್ಕೆ ತನ್ನದೇ ದೂರಸಂವೇದಿ ಉಪಗ್ರಹವನ್ನು ಪಡೆದುದು ೧೯೮೮ರ ಮಾರ್ಚ್ ೧೭ರಂದು, ಐಆರ್‌ಎಸ್-೧ಎ ಉಡಾವಣೆಯೊಂದಿಗೆ. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾವ್. ಉಪಗ್ರಹ ರೂಪುಗೊಂಡುದು ಬೆಂಗಳೂರಿನಲ್ಲಿ. ಠಾಣೆ, ಡೊಂಬಿವಲಿಗಳ ಕನ್ನಡಿಗರಲ್ಲಿ ಕರಾವಳಿಯಿಂದ ಬಂದವರೇ ಬಹುಸಂಖ್ಯಾತರಾದುದರಿಂದ ಈ ಸಂಗತಿಯನ್ನು ಇಲ್ಲಿ ನೆನೆಯುವುದು ಉಚಿತ. ಅದರ ಚಿತ್ರಗಳಲ್ಲಿ ಒಂದು ಚುಕ್ಕೆ ನೆಲದ ಮೇಲೆ ಸುಮಾರು ೭೨ ಮೀಟರು, ಇನ್ನೊಂದು ಬಗೆಯ ಕ್ಯಾಮೆರಾದಲ್ಲಿ ೩೬ ಮೀಟರು ಅಗಲವಾಗಿತ್ತು. ಈಗ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-೨ ಉಪಗ್ರಹಗಳ ಚುಕ್ಕೆ ೧೦ ಮೀಟರಿನಷ್ಟಿದೆ, ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು.

ಸೂಚ್ಯಂಕದಿಂದ ಇಂಗಾಲದವರೆಗೆ ಹೋಗುವ ಸೇತುವೆಯನ್ನು ಕಟ್ಟಿದವರು ಬ್ರಿಟಿಷ್ ವಿಜ್ಞಾನಿ ಜಾನ್ ಮಾಂಟೀತ್. ಸಸ್ಯದ ಬೆಳವಣಿಗೆ ಅದು ಹಿಡಿದುಕೊಂಡ ಬೆಳಕಿಗೆ ಅನುಗುಣವಾಗಿರುತ್ತದೆ ಎಂಬ ವಿಚಾರವನ್ನು ಅವರು ೧೯೭೨ ಮತ್ತು ೧೯೭೭ರ ಲೇಖನಗಳಲ್ಲಿ ಪ್ರತಿಪಾದಿಸಿದರು. ಬ್ರಿಟನ್ನಿನ ಬೆಳೆಗಳು ಒಂದು ಮೆಗಾಜೂಲ್ ಸೌರಶಕ್ತಿಯನ್ನು ತಡೆಹಿಡಿದಾಗ ಸುಮಾರು ೧.೪ ಗ್ರಾಮು ಒಣದ್ರವ್ಯವನ್ನು ಕೂಡಿಸುತ್ತವೆಂದು ಅವರು ಕಂಡುಕೊಂಡರು. ಇಂದಿನ ಉಪಗ್ರಹಾಧಾರಿತ ಅಂದಾಜುಗಳ ತಿರುಳು ಇದೇ. ನೆಲಕ್ಕೆ ಬೀಳುವ ಬೆಳಕು ಎಷ್ಟು, ಅದರಲ್ಲಿ ಎಲೆಗಳು ಹಿಡಿದುಕೊಂಡುದು ಎಷ್ಟು, ಹಿಡಿದುದನ್ನು ದ್ರವ್ಯವಾಗಿಸುವ ದಕ್ಷತೆ ಎಷ್ಟು ಎಂಬ ಮೂರನ್ನು ಗುಣಿಸಬೇಕು. ಎರಡನೆಯದಕ್ಕೆ ಮಾತ್ರ ಸಸ್ಯ ಸೂಚ್ಯಂಕ ಉತ್ತರ ನೀಡುತ್ತದೆ. ಮೂರನೆಯದನ್ನು ಉಷ್ಣಾಂಶ, ಗಾಳಿಯ ಶುಷ್ಕತೆ, ಸಸ್ಯದ ಜಾತಿ ಇವುಗಳಿಂದ ಊಹಿಸಬೇಕು. ಹೀಗೆ ದೊರೆತುದು ಒಟ್ಟು ಗಳಿಕೆ. ಅದರಲ್ಲಿ ಸುಮಾರು ಅರ್ಧವನ್ನು ಗಿಡವೇ ಉಸಿರಾಟದಲ್ಲಿ ಹಿಂದಿರುಗಿಸುತ್ತದೆ. ಉದುರಿದ ಎಲೆಗಳನ್ನು ಕೊಳೆಸುವ ಸೂಕ್ಷ್ಮಜೀವಿಗಳು ಇನ್ನಷ್ಟನ್ನು ಗಾಳಿಗೆ ಸೇರಿಸುತ್ತವೆ. ನಿಜವಾದ ಉಳಿತಾಯ ಕೊನೆಗೆ ಉಳಿದ ಅಲ್ಪ ಮೊತ್ತ. ಸಂಬಳವನ್ನು ಕಂಡು ಉಳಿತಾಯವನ್ನು ಹೇಳಲಾಗದು ಎಂಬುದು ಗೃಹಸ್ಥರಿಗೆಲ್ಲ ತಿಳಿದ ವಿಷಯವೇ. ಒಣಮರದ ತೂಕದಲ್ಲಿ ಇಂಗಾಲ ಅರ್ಧದಷ್ಟು. ಒಂದು ಟನ್ ಇಂಗಾಲವೆಂದರೆ ೩.೬೭ ಟನ್ ಇಂಗಾಲದ ಡೈಆಕ್ಸೈಡ್. ಪತ್ರಿಕಾ ಪ್ರಕಟಣೆಗಳಲ್ಲಿ ಈ ಎರಡನ್ನು ಬೆರೆಸಿ ಬರೆಯುವುದು ಅಪರೂಪವಲ್ಲ. ಓದುಗರು ಘಟಕವನ್ನು ನೋಡದೆ ಅಂಕಿಯನ್ನು ನಂಬಬಾರದು.

ಇನ್ನು ಈ ತತ್ತ್ವ ಠಾಣೆ ಜಿಲ್ಲೆಯ ನೆಲಕ್ಕೆ ಇಳಿದಾಗ ಆಗುವುದೇನು? ಜಗತ್ತಿನಾದ್ಯಂತ ಬಳಕೆಯಾಗಿರುವ ಮೋಡಿಸ್ ಉಪಕರಣದ ಬೆಳವಣಿಗೆಯ ಅಂದಾಜಿನಲ್ಲಿ ಒಂದು ಚುಕ್ಕೆ ೫೦೦ ಮೀಟರು ಅಗಲ, ಅಷ್ಟೇ ಉದ್ದ. ಎಂದರೆ ೨೫ ಹೆಕ್ಟೇರು. ಡೊಂಬಿವಲಿ ನಿಲ್ದಾಣದ ಬಳಿ ಅಷ್ಟು ಜಾಗದಲ್ಲಿ ರೈಲುಹಳಿ, ಮಾರುಕಟ್ಟೆ, ನೂರಾರು ಕಟ್ಟಡ, ಅಲ್ಲೊಂದು ಇಲ್ಲೊಂದು ಗುಲ್‌ಮೊಹರ್ ಎಲ್ಲವೂ ಬೆರೆತು ಒಂದೇ ಸರಾಸರಿಯಾಗುತ್ತವೆ. ಸೊಸೈಟಿಯ ಅಂಗಳದ ಮಾವಿನ ಮರಕ್ಕೆ ಆ ಲೆಕ್ಕದಲ್ಲಿ ಸ್ಥಾನವೇ ಇಲ್ಲ. ಯೇವೂರಿನ ಕಾಡಿನದು ಬೇರೆ ಸ್ಥಿತಿ. ಅದು ಬಹುಮಟ್ಟಿಗೆ ಎಲೆಯುದುರುವ ಕಾಡು. ಬೇಸಗೆಯಲ್ಲಿ ಅಲ್ಲಿನ ಸೂಚ್ಯಂಕ ಇಳಿಯುತ್ತದೆ, ಆದರೆ ಕಾಂಡದಲ್ಲಿರುವ ಇಂಗಾಲ ಎಲ್ಲಿಗೂ ಹೋಗಿರುವುದಿಲ್ಲ. ಮಳೆಗಾಲದಲ್ಲಿ ಗುಡ್ಡದ ಹುಲ್ಲೂ ಸಾಗುವಾನಿಯೂ ಸೂಚ್ಯಂಕದಲ್ಲಿ ಹತ್ತಿರ ಹತ್ತಿರ ಬರುತ್ತವೆ. ಹುಲ್ಲಿನ ಇಂಗಾಲ ಮರುವರ್ಷದೊಳಗೆ ಗಾಳಿ ಸೇರುತ್ತದೆ, ಸಾಗುವಾನಿಯದು ದಶಕಗಳ ಕಾಲ ನಿಲ್ಲುತ್ತದೆ. ಇದರ ಮೇಲೆ ಮೋಡದ ತೊಂದರೆ ಬೇರೆ. ಕೊಂಕಣದ ಗಿಡಗಳು ಭರದಿಂದ ಬೆಳೆಯುವ ಜೂನಿನಿಂದ ಸೆಪ್ಟೆಂಬರಿನವರೆಗೆ ಬಾನು ಮುಚ್ಚಿರುವುದರಿಂದ, ಅತ್ಯಂತ ಮುಖ್ಯವಾದ ನಾಲ್ಕು ತಿಂಗಳುಗಳ ಸ್ವಚ್ಛ ಚಿತ್ರ ಸಿಗುವುದೇ ದುರ್ಲಭ.

ಉಲ್ಹಾಸ ನದಿಯ ನಿದರ್ಶನ ಇನ್ನೂ ಬೋಧಪ್ರದ. ಕಲ್ಯಾಣದ ಮೋಹನೆಯ ಆಸುಪಾಸಿನಲ್ಲಿ ನದಿಯನ್ನು ಜಲಪರ್ಣಿ ಆಗಾಗ ಮುಚ್ಚಿಬಿಡುತ್ತದೆ. ಮರಾಠಿಯ ಜಲಪರ್ಣಿಯನ್ನೇ ಕನ್ನಡದಲ್ಲಿ ಅಂತರಗಂಗೆ ಎನ್ನುವುದುಂಟು. ಕೊಳಚೆನೀರಿನ ಸಾರವನ್ನು ಉಂಡು ಹಬ್ಬುವ ಈ ಕಳೆ ಉಪಗ್ರಹಕ್ಕೆ ಉತ್ತಮ ಹಸುರಾಗಿಯೇ ಕಾಣುತ್ತದೆ. ನದಿಯ ರೋಗ ಸೂಚ್ಯಂಕದಲ್ಲಿ ಏಳಿಗೆಯಾಗಿ ದಾಖಲಾಗುತ್ತದೆ.

ಆದರೆ ಈ ಪ್ರದೇಶದಲ್ಲಿ ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಖಾಡಿಯ ಅಂಚಿನ ಕಾಡಿನದು. ಇದಕ್ಕೆ ನಮ್ಮ ಕರಾವಳಿಯಲ್ಲಿ ಕಾಂಡ್ಲಾ, ಮಲಯಾಳದಲ್ಲಿ ಕಂಡಲ್, ಮರಾಠಿಯಲ್ಲಿ ಕಾಂದಳವನ ಎಂಬ ಹೆಸರುಗಳಿವೆ. ಶರಾವತಿ, ಕಾಳಿ ನದಿಗಳ ಅಳಿವೆಗಳನ್ನು ಕಂಡವರಿಗೆ ಇದು ಅಪರಿಚಿತವಲ್ಲ. ಠಾಣೆ ಖಾಡಿಯ ಸುಮಾರು ೧೭ ಚದರ ಕಿಲೋಮೀಟರು ೨೦೧೫ರಲ್ಲಿ ಫ್ಲೆಮಿಂಗೊ ಪಕ್ಷಿಧಾಮವಾಯಿತು, ೨೦೨೨ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಕಾಂಡ್ಲಾ ನಿತ್ಯಹರಿದ್ವರ್ಣವಾದುದರಿಂದ ಉಪಗ್ರಹಕ್ಕೆ ಸುಲಭವಾಗಿ ಗೋಚರಿಸುತ್ತದೆ, ನಿಜ. ಆದರೆ ಉಪಗ್ರಹ ಪ್ರತಿಸಲವೂ ಬೆಳಗಿನ ಒಂದೇ ಹೊತ್ತಿಗೆ ಹಾದುಹೋಗುತ್ತದೆ, ಭರತದ ಹೊತ್ತಾದರೋ ದಿನದಿನಕ್ಕೆ ಸರಿಯುತ್ತದೆ. ಅದೇ ಕಾಡು ಒಂದು ವಾರ ನೀರಿನಲ್ಲಿ ನಿಂತು ಕಡಮೆ ಅಂಕಿಯನ್ನೂ ಮತ್ತೊಂದು ವಾರ ಕೆಸರಿನಲ್ಲಿ ನಿಂತು ಹೆಚ್ಚು ಅಂಕಿಯನ್ನೂ ಕೊಡಬಹುದು. ಅದರಾಚೆಯ ಕೆಸರುಬಯಲು ಸೂಚ್ಯಂಕದಲ್ಲಿ ಬರಿದು. ಫ್ಲೆಮಿಂಗೊಗಳನ್ನು ಸಾಕುವ ಸೂಕ್ಷ್ಮ ಪಾಚಿ ಬೆಳೆಯುವುದು ಆ ಬರಿದಿನಲ್ಲಿಯೇ.

ಕಾಂಡ್ಲಾ ಕಾಡಿನ ನಿಜವಾದ ಭಂಡಾರ ಎಲೆಯಲ್ಲಿಲ್ಲ, ಬೇರಿನ ಕೆಳಗಿನ ಕೆಸರಿನಲ್ಲಿದೆ. ಭರತದ ನೀರು ಹೊತ್ತುತಂದ ಮಣ್ಣು, ಉದುರಿದ ಎಲೆ, ಸತ್ತ ಬೇರು ಇವೆಲ್ಲ ಆಮ್ಲಜನಕವಿಲ್ಲದ ಕೆಸರಿನಲ್ಲಿ ಹೂತು ಬಹಳ ನಿಧಾನವಾಗಿ ಕೊಳೆಯುತ್ತವೆ. ಹೀಗೆ ಶತಮಾನಗಳಿಂದ ಕೂಡಿದ ಇಂಗಾಲ ಮರಗಳಲ್ಲಿರುವುದಕ್ಕಿಂತ ಸಾಮಾನ್ಯವಾಗಿ ಹಲವು ಪಟ್ಟು ಹೆಚ್ಚು. ಕಾಡನ್ನು ಕಡಿದು, ನೀರಿನ ಹರಿವನ್ನು ತಡೆದು, ಕೆಸರಿಗೆ ಗಾಳಿಯಾಡಿಸಿದರೆ ಅದು ಹೊರಬೀಳುತ್ತದೆ. ಹೊಸ ಸಸಿಗಳನ್ನು ಬೇರೆಡೆ ನೆಟ್ಟರೆ ಕೆಲವು ವರ್ಷಗಳಲ್ಲಿ ಸೂಚ್ಯಂಕ ಹಿಂದಿನ ಮಟ್ಟಕ್ಕೆ ಬರಬಹುದು. ಹಸುರಿನ ಲೆಕ್ಕ ಸರಿಹೋದಂತೆ ತೋರುತ್ತದೆ, ಇಂಗಾಲದ ಲೆಕ್ಕ ಸರಿಹೋಗಿರುವುದಿಲ್ಲ.

ಇದು ಕೇವಲ ಶಾಸ್ತ್ರಚರ್ಚೆಯಲ್ಲ. ಮುಂಬಯಿ ಉಚ್ಚ ನ್ಯಾಯಾಲಯ ೨೦೦೫ರ ಮಧ್ಯಂತರ ಆದೇಶದಲ್ಲಿ ಕಾಂಡ್ಲಾ ನಾಶವನ್ನು ತಡೆದು, ಉಪಗ್ರಹ ಚಿತ್ರಗಳಿಂದ ನಕ್ಷೆ ತಯಾರಿಸುವ ಕಾರ್ಯಕ್ಕೆ ಚಾಲನೆ ನೀಡಿತು. ೨೦೧೮ರ ಸೆಪ್ಟೆಂಬರಿನ ತೀರ್ಪು ಆ ನಾಶವನ್ನು ಸಂವಿಧಾನದ ೨೧ನೆಯ ವಿಧಿಯ ಉಲ್ಲಂಘನೆಯೆಂದು ಸಾರಿತು. ಎಲ್ಲಿ ಕಾಡಿತ್ತು, ಯಾವಾಗ ಇಲ್ಲವಾಯಿತು ಎಂಬುದಕ್ಕೆ ಉಪಗ್ರಹಕ್ಕಿಂತ ಉತ್ತಮ ಸಾಕ್ಷಿ ಸಿಗದು. ೨೦೨೨ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಮುಂಬಯಿ-ಅಹಮದಾಬಾದ್ ಅತಿವೇಗದ ರೈಲಿಗಾಗಿ ಮುಂಬಯಿ, ಠಾಣೆ, ಪಾಲಘರಗಳಲ್ಲಿ ಸುಮಾರು ೨೨ ಸಾವಿರ ಕಾಂಡ್ಲಾ ಮರಗಳನ್ನು ಕಡಿಯಲು ಅನುಮತಿ ನೀಡಿತು. ಹಲವು ಪಟ್ಟು ಸಸಿ ನೆಡುವ ಭರವಸೆ ಅದರ ಹಿಂದಿತ್ತು. ಮರಕ್ಕೆ ಪ್ರತಿಯಾಗಿ ಸಸಿಗಳನ್ನು ಎಣಿಸುವ ಈ ಪದ್ಧತಿಯಲ್ಲಿ ಕೆಸರಿಗೆ ಬೆಲೆ ಕಟ್ಟುವ ಕಲಮು ಇಲ್ಲ.

ಕೆಲವು ತೊಡಕುಗಳಿಗೆ ಪರಿಹಾರ ದೊರೆಯುತ್ತಿದೆ. ರೇಡಾರ್ ಅಲೆಗಳಿಗೆ ಮೋಡ ಅಡ್ಡಿಯಲ್ಲ. ೨೦೨೫ರ ಜುಲೈ ೩೦ರಂದು ಶ್ರೀಹರಿಕೋಟೆಯಿಂದ ಹಾರಿದ ಇಸ್ರೋ-ನಾಸಾಗಳ ನಿಸಾರ್ ಉಪಗ್ರಹದಲ್ಲಿ ಸುಮಾರು ೨೪ ಸೆಂಟಿಮೀಟರು ಉದ್ದದ ಅಲೆ ಬಳಸುವ ರೇಡಾರ್ ಇದೆ. ಅದು ಎಲೆಗಳ ನಡುವೆ ನುಸುಳಿ ಕೊಂಬೆ, ಕಾಂಡಗಳಿಂದ ಮರಳುತ್ತದೆ. ಹುಲ್ಲಿಗೂ ಸಾಗುವಾನಿಗೂ ಇರುವ ಭೇದ ಅದಕ್ಕೆ ತಿಳಿಯುತ್ತದೆ. ಕೆಸರಿನ ಇಂಗಾಲವಾದರೋ ಅದಕ್ಕೂ ಕಾಣದು. ಅದನ್ನು ಅಳೆಯಲು ಇಂದಿಗೂ ಮನುಷ್ಯರೇ ಖಾಡಿಗೆ ಇಳಿಯಬೇಕು. ಲೋಹದ ಕೊಳವೆಯನ್ನು ಒಂದು ಮೀಟರಿನಷ್ಟು ಆಳಕ್ಕೆ ಒತ್ತಿ, ಹೊರಗೆಳೆದ ಕೆಸರನ್ನು ಬಿಲ್ಲೆಗಳಾಗಿ ಕತ್ತರಿಸಿ, ಒಣಗಿಸಿ, ತೂಗಿ, ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕು. ಈ ಕೆಲಸವೆಲ್ಲ ಇಳಿತದ ಕೆಲವೇ ಗಂಟೆಗಳಲ್ಲಿ ಮುಗಿಯಬೇಕು, ಭರತದ ನೀರು ಮತ್ತೆ ಏರುವುದರೊಳಗೆ.