ಕೈಗುಣವೂ ಬರಹದ ಕ್ರಮವೂ

ಚಿಕ್ಕ ಉದ್ಯಮಗಳಲ್ಲಿ ಕೆಲಸದ ಮರ್ಮವು ಸಾಮಾನ್ಯವಾಗಿ ಒಬ್ಬಿಬ್ಬರ ಕೈಯಲ್ಲಿಯೂ ನೆನಪಿನಲ್ಲಿಯೂ ನೆಲಸಿರುತ್ತದೆ. ಅವರು ಕಾಯಿಲೆ ಬಿದ್ದರೆ ಅಥವಾ ಕಾಲವಶರಾದರೆ, ಅದುವರೆಗೆ ಸುಗಮವಾಗಿ ಸಾಗಿದ ಕೆಲಸವು ದಿಕ್ಕುಗೆಡುತ್ತದೆ. ಅದನ್ನೇ ನಂಬಿದ ಮನೆಗಳ ಅನ್ನಕ್ಕೂ ಕುತ್ತು ಬರುತ್ತದೆ. ನಿತ್ಯದ ಕೆಲಸವನ್ನು ಯಾರು, ಯಾವಾಗ, ಯಾವ ಪ್ರಮಾಣದಲ್ಲಿ, ಯಾವ ಅನುಕ್ರಮದಲ್ಲಿ ಮಾಡತಕ್ಕದ್ದೆಂದು ಬರೆದಿಡುವ ಕಾರ್ಯವಿಧಾನ ಪತ್ರವು ಈ ಕುತ್ತಿಗೆ ಪರಿಹಾರ.

ಇಂಥ ಬರವಣಿಗೆ ಕನ್ನಡಕ್ಕೆ ಹೊಸತಲ್ಲ. 11ನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ವೆಂಬ ಗ್ರಂಥದಲ್ಲಿ ನೆಲದೊಳಗಿನ ಜಲವನ್ನರಿಯುವ ಬಗೆ, ಗಿಡಮರಗಳ ಪೋಷಣೆ, ಪಾಕವಿಧಾನ ಮೊದಲಾದುವನ್ನು ಒಂದೆಡೆ ಸಂಗ್ರಹಿಸಿಕೊಟ್ಟನು. ಬರಹಕ್ಕಿಳಿದ ತಿಳಿವಳಿಕೆಯು ಬಲ್ಲವನ ಆಯುಷ್ಯವನ್ನು ಮೀರಿ ಬಾಳುತ್ತದೆಂಬುದಕ್ಕೆ ಅದೇ ಸಾಕ್ಷಿ.

ಈ ಕಾಲದಲ್ಲಿ, ಕ್ರಮಬದ್ಧತೆಯಿಂದ ಬೆಳೆದ ಕಿರು ಉದ್ಯಮಕ್ಕೆ ಮುಂಬಯಿಯ ಹಪ್ಪಳದ ಕಥೆ ಉತ್ತಮ ನಿದರ್ಶನ. 1959ರ ಮಾರ್ಚ್ 15ರಂದು ಗಿರಗಾಂವಿನಲ್ಲಿ ಏಳು ಮಂದಿ ಮಹಿಳೆಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಮಾಡತೊಡಗಿದರು. ಅದೇ ಮುಂದೆ ಲಿಜ್ಜತ್ ಪಾಪಡ್ ಎಂದು ಪ್ರಸಿದ್ಧವಾಯಿತು. ಆರಂಭದಲ್ಲಿ ಅವರು ಎರಡು ದರ್ಜೆಯ ಹಪ್ಪಳ ಮಾಡುತ್ತಿದ್ದರು. ಗುಣವನ್ನು ಎಂದೂ ಸಡಿಲಿಸದೆ ಒಂದೇ ಉತ್ತಮ ದರ್ಜೆಯನ್ನು ಮಾಡಬೇಕು, ಲೆಕ್ಕವನ್ನು ನೆಟ್ಟಗಿಡಬೇಕು ಎಂದು ಛಗನ್‌ಲಾಲ್ ಪಾರೇಖರು ಬುದ್ಧಿವಾದ ಹೇಳಿದರು. ಮೊದಲ ವರ್ಷದ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಒಲೆಯಿಟ್ಟು ಒಣಗಿಸಿದರು. ಕ್ರಮೇಣ ಒಂದು ಪದ್ಧತಿ ನೆಲೆಗೊಂಡಿತು: ಹಿಟ್ಟು ಕಲಸುವುದು ಕೇಂದ್ರದಲ್ಲಿ, ಲಟ್ಟಿಸುವುದು ಸದಸ್ಯೆಯರ ಮನೆಗಳಲ್ಲಿ, ಹಪ್ಪಳ ಮರಳಿ ಬಂದಾಗ ತೂಕ ಮತ್ತು ಪರೀಕ್ಷೆ. ರುಚಿಯನ್ನು ನಿರ್ಣಯಿಸುವ ಅಳತೆ ಒಂದೆಡೆ ಉಳಿದುದರಿಂದ, ಕೈಗಳು ಸಾವಿರಾರಾದರೂ ಹಪ್ಪಳ ಒಂದೇ ಆಯಿತು.

ವಿಧಾನವನ್ನು ಬರೆಯುವವರು ಇದರಿಂದ ಕಲಿಯತಕ್ಕದ್ದುಂಟು. “ಸಾಕಷ್ಟು ಉಪ್ಪು” ಎಂದು ಬರೆದರೆ ಪ್ರಯೋಜನವಿಲ್ಲ. ಇಷ್ಟು ಹಿಟ್ಟಿಗೆ ಇಷ್ಟು ಉಪ್ಪೆಂದು ತೂಕವನ್ನೇ ಕಾಣಿಸಬೇಕು. ತೂಗಲಾಗದ ಹದಕ್ಕೆ ಗುರುತು ಹೇಳಬೇಕು: ಲಟ್ಟಿಸುವಾಗ ಅಂಚು ಬಿರಿಯಬಾರದು ಎಂಬಂತೆ. ಹದ ತಪ್ಪಿದರೆ ಏನು ಮಾಡಬೇಕು, ಯಾರಿಗೆ ತಿಳಿಸಬೇಕು ಎಂಬುದೂ ಇರಬೇಕು. ಬಲ್ಲವರು ಕೆಲಸ ಮಾಡುತ್ತಿರುವಾಗ ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಬರೆದುಕೊಳ್ಳುವುದು ಲೇಸು. ಕೈಗೆ ರೂಢಿಯಾದುದನ್ನು ಬಾಯಿ ಎಷ್ಟೋ ಸಲ ಹೇಳಲು ಮರೆಯುತ್ತದೆ. ಆ ಬಳಿಕ ಪತ್ರವನ್ನು ಹೊಸಬರ ಕೈಗೆ ಕೊಟ್ಟು, ಅವರು ಯಾರನ್ನೂ ಕೇಳದೆ ಕೆಲಸ ಮುಗಿಸುವರೇ ಎಂದು ನೋಡಬೇಕು. ಅವರು ತಡವರಿಸಿದರೆ ದೋಷವು ಪತ್ರದ್ದೇ ಹೊರತು ಅವರದಲ್ಲ. ತಿದ್ದಿದಾಗಲೆಲ್ಲ ದಿನಾಂಕ ಹಾಕಿ, ಹಳೆಯ ಪ್ರತಿಯನ್ನು ಗೋಡೆಯಿಂದ ತೆಗೆಯತಕ್ಕದ್ದು.

ಬರೆದುಕೊಟ್ಟ ಮೇಲೆ ತಮ್ಮ ಬೆಲೆ ಎಲ್ಲಿ ಕುಗ್ಗುವುದೋ ಎಂಬ ಅಳುಕು ಹಿರಿಯ ಕೆಲಸಗಾರರಿಗೆ ಸಹಜ. ಆ ಅಳುಕನ್ನು ನೀಗುವುದು ಯಜಮಾನನ ಧರ್ಮ. ಹೇಳಿಕೊಟ್ಟವರ ಹೆಸರನ್ನು ಪತ್ರದ ಅಡಿಯಲ್ಲಿ ಬರೆಯಲಿ. ಹೊಸಬರನ್ನು ತಿದ್ದುವ ಹೊಣೆಯನ್ನು ಅವರಿಗೇ ಒಪ್ಪಿಸಲಿ. ವೇತನದಲ್ಲಿಯೂ ಆ ಗೌರವ ಕಾಣಲಿ. ಆಗ ಕೈಗುಣವು ಕೈಯೊಡನೆ ಅಳಿಯದೆ ಮುಂದಿನವರಿಗೆ ಆಸ್ತಿಯಾಗಿ ಉಳಿಯುತ್ತದೆ.