ಕಾಯ್ದೆಯಲ್ಲಿ ಕಣ್ಣೇ ಇಲ್ಲ!

ಹುಡುಕಿ ನೋಡಿ, ಸಿಗುವುದಿಲ್ಲ! ಯಾರ ಕೈಗೆ ಬಂದೂಕು ಹೋಗಬಾರದು ಅನ್ನುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಎಣಿಸಿ ಎಣಿಸಿ ಹೇಳುತ್ತದೆ. 21 ತುಂಬದವರಿಗೆ ಇಲ್ಲ. ಹಿಂಸೆಯ ಕೇಸಿನಲ್ಲಿ ಜೈಲು ಸೇರಿ, ಹೊರಬಂದು ಐದು ವರ್ಷ ಕಳೆಯದವರಿಗೆ ಇಲ್ಲ. ಒಳ್ಳೆಯ ನಡತೆಗೆ ಮುಚ್ಚಳಿಕೆ ಬರೆದುಕೊಟ್ಟವರಿಗೆ ಅದರ ಅವಧಿ ಮುಗಿಯುವ ತನಕ ಇಲ್ಲ. ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರಿಗೆ ಇಲ್ಲ. ಸರಿ, ಕಣ್ಣು ಕಾಣದವರಿಗೆ? ಆ ಸಾಲು ಎಲ್ಲಿ? ಇಲ್ಲವೇ ಇಲ್ಲ!

ಡ್ರೈವಿಂಗ್ ಲೈಸೆನ್ಸಿನ ಅರ್ಜಿ ನಮ್ಮನ್ನು 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಬರುತ್ತದೆಯೇ ಎಂದು ಕೇಳುತ್ತದೆ. ಸ್ಕೂಟರಿಗೆ ಕಣ್ಣು ಬೇಕು. ಕೋವಿಯ ಕಾಯ್ದೆಗೆ ಮಾತ್ರ ಅದು ನೆನಪೇ ಆಗಿಲ್ಲ!

ದೇವದುರ್ಗದ ಒಬ್ಬ ರೈತರನ್ನು ಊಹಿಸಿಕೊಳ್ಳಿ. ಹೊಲ ಕೃಷ್ಣೆಯ ಕಡೆಗಿದೆ, ರಾತ್ರಿ ಹಂದಿ ಕಾಟ. ಬೆಳೆ ಕಾಯಲು ನಳಿಗೆಯ ಬಾಯಿಂದ ಮದ್ದು ತುಂಬುವ ನಾಡಕೋವಿ ಬೇಕು ಎಂದು ಅರ್ಜಿ ಹಾಕುತ್ತಾರೆ. ಕಾಯ್ದೆಯ 13ನೇ ಕಲಂ ಇಂಥ ಅರ್ಜಿಗೆ ಎಷ್ಟು ಉದಾರ ಗೊತ್ತೆ? ನಿಜವಾಗಿ ಬೆಳೆ ರಕ್ಷಣೆಗೇ ಆದರೆ ಲೈಸೆನ್ಸ್ ಕೊಡತಕ್ಕದ್ದು ಅನ್ನುತ್ತದೆ! (ಕೋವಿ ಸಿಕ್ಕಿತು ಅಂದಮಾತ್ರಕ್ಕೆ ಹಂದಿ ಹೊಡೆಯಬಹುದು ಅಂತಲ್ಲ, ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಅಡ್ಡ ನಿಂತಿರುತ್ತದೆ.) ಅರ್ಜಿ ರಾಯಚೂರಿನ ಡಿಸಿ ಕಚೇರಿಗೆ ಹೋಗುತ್ತದೆ, ಅಲ್ಲಿಂದ ಪೊಲೀಸ್ ಠಾಣೆಯ ವರದಿಗೆ ಬರುತ್ತದೆ. ಈ ರೈತರಿಗೆ ಎರಡೂ ಕಣ್ಣು ಕಾಣುವುದಿಲ್ಲ ಅಂದರೆ ಅವರನ್ನು ತಡೆಯುವುದು ಯಾವುದು? 14ನೇ ಕಲಂನಲ್ಲಿ ಒಂದು ಸಣ್ಣ ಬಾಗಿಲಿದೆ: ಬೇರೆ ಯಾವುದೇ ಕಾರಣಕ್ಕೆ ಅರ್ಜಿದಾರ ಅನರ್ಹ ಅನ್ನಿಸಿದರೆ ನಿರಾಕರಿಸಬಹುದು. ಜೊತೆಗೆ 2016ರ ಶಸ್ತ್ರಾಸ್ತ್ರ ನಿಯಮಗಳು ಮನಸ್ಸು, ಮೈ ಎರಡೂ ಸರಿಯಿದೆ ಎಂಬ ವೈದ್ಯರ ಸರ್ಟಿಫಿಕೇಟ್ ಕೇಳುತ್ತವೆ. ಅಷ್ಟೇ! ಇಷ್ಟು ದೊಡ್ಡ ಪ್ರಶ್ನೆಗೆ ಉತ್ತರ ನಿಂತಿರುವುದು ಒಬ್ಬ ಡಾಕ್ಟರ ಸಹಿ, ಒಬ್ಬ ಅಧಿಕಾರಿಯ ವಿವೇಚನೆಯ ಮೇಲೆ.

ಕಾಣುವುದಿಲ್ಲ ಅಂದರೂ ಎಷ್ಟು ಕಾಣುವುದಿಲ್ಲ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಲೆಕ್ಕದಲ್ಲಿ ಅಂಧತ್ವ ಅಂದರೆ ಬರೀ ಕತ್ತಲೆಯಲ್ಲ. ಕನ್ನಡಕ ಹಾಕಿದ ಮೇಲೂ ಒಳ್ಳೆಯ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆಯಿದ್ದರೆ ಅಂಧರು. ಬೇರೆಯವರು 60 ಮೀಟರಿನಿಂದ ಗುರುತಿಸುವುದನ್ನು 3 ಮೀಟರ್ ಹತ್ತಿರ ಬಂದರೂ ಗುರುತಿಸಲಾಗದವರು. ನೋಟದ ಹರವು 10 ಡಿಗ್ರಿಗಿಂತ ಕಡಿಮೆ ಇದ್ದವರೂ ಅಂಧರೇ. ಅಂಥವರು ನೇರ ಎದುರಿಗಿರುವುದನ್ನು ಚೆನ್ನಾಗಿ ನೋಡಬಲ್ಲರು, ಪಕ್ಕದಲ್ಲಿ ನಿಂತ ಮಗು ಮಾತ್ರ ಕಾಣದು! ಬಂದೂಕಿನ ಮಟ್ಟಿಗೆ ಇವರಿಬ್ಬರ ಕಥೆ ಒಂದೇ ಹೇಗಾದೀತು?

ಅಮೆರಿಕದ ಅಯೋವಾ ರಾಜ್ಯ 2011ರಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ ದೈಹಿಕ ಸಾಮರ್ಥ್ಯದ ಕಾರಣಕ್ಕೆ ಪರ್ಮಿಟ್ ನಿರಾಕರಿಸುವಂತಿಲ್ಲ ಎಂದುಬಿಟ್ಟಿತು. ಕಣ್ಣು ಕಾಣದವರಿಗೂ ಸಾರ್ವಜನಿಕ ಜಾಗದಲ್ಲಿ ಬಂದೂಕು ಒಯ್ಯುವ ಪರ್ಮಿಟ್ ಸಿಕ್ಕಿತು! 2013ರಲ್ಲಿ ಅಲ್ಲಿನ ಪತ್ರಿಕೆಯೊಂದು ಇದನ್ನು ಬರೆದದ್ದೇ ತಡ, ಲೋಕವೆಲ್ಲ ಬಾಯಿಬಿಟ್ಟು ನೋಡಿತು. ಮಿಸೌರಿ ನದಿಯ ಆಚೆ ದಡದ ನೆಬ್ರಾಸ್ಕಾದಲ್ಲಿ ಆಗ ಅಂಥ ಪರ್ಮಿಟ್ಟಿಗೆ ವಾಹನ ಓಡಿಸುವವರಿಗಿರುವಷ್ಟು ದೃಷ್ಟಿ ಕಡ್ಡಾಯ. ಒಂದು ಹೊಳೆ ದಾಟಿದರೆ ಕಾನೂನು ತಲೆಕೆಳಗು! ಎರಡು ಹೊಳೆಗಳ ನಡುವೆ ಬದುಕುವ ರಾಯಚೂರಿನವರಾದ ನಮಗೆ ಇದು ತಮಾಷೆ ಅನ್ನಿಸದೆ ಇರುತ್ತದೆಯೇ?

ಆದರೆ ಕಾಣದವರಿಗೆ ಗುರಿ ಹಿಡಿಯಲು ಬರುತ್ತದೆಯೇ? ಬರುತ್ತದೆ! ನಾನು ಮೊದಲು ನಂಬಿರಲಿಲ್ಲ. ಜಗತ್ತಿನಲ್ಲಿ ದೃಷ್ಟಿ ಇಲ್ಲದವರ ಶೂಟಿಂಗ್ ಸ್ಪರ್ಧೆಗಳೇ ನಡೆಯುತ್ತವೆ. 10 ಮೀಟರ್ ದೂರ, ಏರ್ ರೈಫಲ್, ನಳಿಗೆಯ ಮೇಲೊಂದು ಸೆನ್ಸರ್, ಕಿವಿಗೆ ಹೆಡ್‌ಫೋನ್. ನಳಿಗೆ ಗುರಿಹಲಗೆಯ ಅಂಚಿನ ಕಡೆಗಿದ್ದರೆ ತಗ್ಗಿನ ಸ್ವರ. ನಡುವಿನ ಕಡೆ ಸರಿದಂತೆ ಸ್ವರ ಏರುತ್ತಾ ಏರುತ್ತಾ ಹೋಗುತ್ತದೆ. ಉಸಿರು ಬಿಗಿಹಿಡಿದು, ತಾರಕ ಮುಟ್ಟಿದ ಕ್ಷಣಕ್ಕೆ ಕುದುರೆ ಎಳೆಯಬೇಕು! ಶಾರೀರ ತಂಬೂರಿಗೆ ಸೇರುವ ಹಾಗೆ ಕೈ ಗುರಿಗೆ ಸೇರುತ್ತದೆ. ಅಲ್ಪಸ್ವಲ್ಪ ಕಾಣುವವರಿಗೆ ಅನುಕೂಲ ಆಗಬಾರದೆಂದು ಅವರ ಕಣ್ಣಿಗೂ ಪಟ್ಟಿ ಹಾಕುತ್ತಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಈ ಆಟಕ್ಕೆ ಜಾಗ ಇರಲಿಲ್ಲ, ಅದು ಬೇರೆ ಬೇಸರ. ಕಿವಿಯಿಂದ ಗುರಿ ಹಿಡಿಯುವುದು ನಮ್ಮ ನಾಡಿಗೂ ಹೊಸದಲ್ಲ. ಒಳಗೆ ಗುಂಡು ಗಲಗಲ ಅನ್ನುವ ಚೆಂಡನ್ನು ಕಿವಿಗೊಟ್ಟು ಅಳೆದು ಬಾರಿಸಿದ ಶಿವಮೊಗ್ಗ ಕಡೆಯ ಶೇಖರ್ ನಾಯ್ಕ್ 2012ರಲ್ಲಿ ಅಂಧರ ಟಿ20 ವಿಶ್ವಕಪ್ ತಂದವರು, 2017ರಲ್ಲಿ ಪದ್ಮಶ್ರೀ ಪಡೆದವರು.

ಹಾಗಾದರೆ ಎಲ್ಲರಿಗೂ ಕೊಟ್ಟುಬಿಡೋಣವೇ? ತಡೆಯಿರಿ. ರಾಯಚೂರಿನ ಕೋಟೆಗೆ ಬನ್ನಿ. 1520. ಕೃಷ್ಣದೇವರಾಯನ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದೆ, ಗುದ್ದಲಿ ಹಾರೆ ಹಿಡಿದು ಗೋಡೆಯ ಕಲ್ಲು ಕೀಳುತ್ತಿದೆ. ಮೇಲಿನಿಂದ ಬಾಣ, ಕಲ್ಲುಗಳ ಮಳೆ. ಆಗ ಕುದುರೆ ಮಾರಲು ಬಂದಿದ್ದ ಕ್ರಿಸ್ತೋವಾ ದ ಫಿಗೈರೆದು ಎಂಬ ಪೋರ್ಚುಗೀಸ 20 ಮಂದಿ ಬಂದೂಕುಧಾರಿಗಳೊಂದಿಗೆ ಮುಂದೆ ಬರುತ್ತಾನೆ. ಅಲ್ಲಿಯ ತನಕ ನಿರಾಳವಾಗಿ ಗೋಡೆಯ ಮೇಲೆ ಓಡಾಡುತ್ತಿದ್ದವರು ಒಬ್ಬೊಬ್ಬರಾಗಿ ಬೀಳತೊಡಗುತ್ತಾರೆ! ಕೋಟೆಯ ನಾಯಕ ಆ ಪರಂಗಿಯವನು ಎಲ್ಲಿದ್ದಾನೆ ನೋಡೋಣ ಎಂದು ಹೊರಗೆ ಬಾಗುತ್ತಾನೆ. ಹಣೆಯ ನಡುವಿಗೇ ಗುಂಡು! ಮರುದಿನವೇ ಕೋಟೆ ಶರಣು. ಆಮೇಲೆ ವಿಜಯನಗರದಲ್ಲಿ ಇದ್ದುಹೋದ ನೂನಿಜ್ ಬರೆದಿಟ್ಟ ವಿವರ ಇದು. ದೂರವನ್ನು ಕ್ಷಣದಲ್ಲಿ ಅಳಿಸಿಹಾಕುವುದೇ ಬಂದೂಕಿನ ಬಲ, ಅದನ್ನು ಈ ಊರು 500 ವರ್ಷಗಳ ಹಿಂದೆಯೇ ಕಂಡಿದೆ. ಆ ಹಣೆ ಹೊಡೆದವನಿಗೆ ಕಂಡಿತ್ತು, ಇಲ್ಲಿ ಮುಖ್ಯವಾದದ್ದು ಅದೇ.

ಈಗ ದಶರಥನನ್ನು ನೆನೆಯಿರಿ! ಸರಯೂ ತೀರ, ಕತ್ತಲೆ, ಕೊಡಕ್ಕೆ ನೀರು ತುಂಬುವ ಗುಳುಗುಳು ಸದ್ದು. ಶಬ್ದವೇಧಿ ಬಾಣ ಒಂದು ಎಳೆಯೂ ತಪ್ಪದೆ ಹೋಗಿ ನಾಟುತ್ತದೆ. ಗುರಿಯಲ್ಲಿ ಯಾವ ದೋಷವೂ ಇಲ್ಲ. ಆನೆ ಅಂದುಕೊಂಡದ್ದು ಶ್ರವಣಕುಮಾರನಾಗಿದ್ದ ಅಷ್ಟೇ. ಹೊಡೆದವನಿಗೆ ಎರಡೂ ಕಣ್ಣು ನೆಟ್ಟಗಿದ್ದವು, ಮಗನನ್ನು ಕಳೆದುಕೊಂಡವರು ಕುರುಡ ತಂದೆತಾಯಿ! ಚಿಕ್ಕಂದಿನಿಂದ ಕೇಳಿದ ಕಥೆ, ಈ ಪ್ರಶ್ನೆಯ ಜೊತೆ ಇಟ್ಟು ನೋಡಿದಾಗ ಮೈ ಜುಮ್ಮೆಂದಿತು. ಸದ್ದು ಎಲ್ಲಿದೆ ಎಂದು ಕಿವಿ ಹೇಳುತ್ತದೆ. ಸದ್ದು ಮಾಡುತ್ತಿರುವವರು ಯಾರು, ಅವರ ಹಿಂದೆ ಯಾರು ನಿಂತಿದ್ದಾರೆ ಎಂದು ಹೇಳುವುದಿಲ್ಲ.

ಮಾನ್ವಿ ಕಡೆ ಹೊಲ ಕಾಯುವವರು ಕತ್ತಲಲ್ಲಿ ಏನೋ ಸರಿದಾಡಿದರೆ ಮೊದಲು ಕೂಗುವುದು ‘ಯಾರಲೇ ಅದು?’ ಎಂದು. ಉತ್ತರ ಬಂದರೆ ಮನುಷ್ಯ, ದನಿ ಕೇಳಿದರೆ ಯಾರ ಮನೆಯವನು ಅಂತಲೂ ಗೊತ್ತು. ದನಿಯಿಂದ ಆಳನ್ನು ಹಿಡಿಯುವುದರಲ್ಲಿ ಕಣ್ಣು ಕಾಣದವರು ನಮಗಿಂತ ಎಷ್ಟೋ ಮುಂದೆ. ತೊಂದರೆ ಬರುವುದು ಎದುರಿಗಿದ್ದವರು ಉತ್ತರ ಕೊಡದಿದ್ದಾಗ. ಹೆದರಿ ಸುಮ್ಮನಾದ ಹುಡುಗನೂ ಉತ್ತರ ಕೊಡುವುದಿಲ್ಲ, ಹಂದಿಯೂ ಕೊಡುವುದಿಲ್ಲ.

ಇನ್ನೊಂದು ಬೆರಗು ಕೇಳಿ! ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯಲ್ಲಿ 34ನೇ ಕಲಂನಿಂದ ಶುರುವಾಗುತ್ತದೆ. 44ನೇ ಕಲಂಗೆ ಕೊಟ್ಟ ಉದಾಹರಣೆಯಲ್ಲಿ ಗುಂಪೊಂದು ಒಬ್ಬನನ್ನು ಕೊಲ್ಲಲು ಬಂದಿದೆ, ಗುಂಪಿನೊಳಗೆ ಎಳೆಯ ಮಕ್ಕಳೂ ಇದ್ದಾರೆ. ಗುಂಡು ಹಾರಿಸದೆ ಜೀವ ಉಳಿಯದು ಅನ್ನುವ ಸ್ಥಿತಿಯಲ್ಲಿ ಅವನು ಹಾರಿಸಿ, ಮಗುವಿಗೆ ತಗುಲಿದರೂ ಅದು ಅಪರಾಧವಲ್ಲ! ಅಂದರೆ ಬಂದೂಕು ಹಿಡಿದವನ ಎಣಿಕೆಗೆ ಕಾನೂನು ಅಷ್ಟು ಬೆಲೆ ಕೊಡುತ್ತದೆ. ಯಾರ ಎಣಿಕೆ ಅಷ್ಟು ದೂರ ನಡೆಯುತ್ತದೋ ಅವರಿಗೆ ಎದುರಿನ ಗುಂಪಿನಲ್ಲಿ ಯಾರಿದ್ದಾರೆಂದು ಕಾಣಬೇಕಲ್ಲವೇ?

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿಯೇ ಇದೆ. ಸಂಜೆ ಹೊತ್ತಿನ ತೀನ್ ಕಂದಿಲ್ ಸರ್ಕಲ್ಲಿನಲ್ಲಿ, ಹೂವಿನವರು ಹಣ್ಣಿನವರು ಆಟೋದವರ ನಡುವೆ, ಎದುರಿಗೆ ಯಾರಿದ್ದಾರೆಂದು ಕಾಣದವರ ಸೊಂಟದಲ್ಲಿ ಪಿಸ್ತೂಲು ಬೇಡ. ಇದು ಅವಮಾನದ ಮಾತಲ್ಲ. ಅದೇ ಅಂಗವಿಕಲರ ಕಾಯ್ದೆಯ 3ನೇ ಕಲಂ ತಾರತಮ್ಯ ಕೂಡದು ಎನ್ನುತ್ತಲೇ, ನ್ಯಾಯವಾದ ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣದ ಕ್ರಮವಾದರೆ ಸರಿ ಎನ್ನುತ್ತದೆ. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ದೃಷ್ಟಿ ಇಲ್ಲದವರೂ ನ್ಯಾಯಾಧೀಶರಾಗಬಹುದು ಎಂದಿತು. ಎಂಥ ಸಂತೋಷದ ತೀರ್ಪು! ನ್ಯಾಯಾಧೀಶರಿಗೆ ಕಡತ ಓದಿಸಿ ಕೇಳಲು, ತೀರ್ಪು ಕಾಯ್ದಿರಿಸಿ ಯೋಚಿಸಲು ವೇಳೆ ಇದೆ. ಕುದುರೆ ಎಳೆಯುವವರಿಗೆ ಅರೆಕ್ಷಣವೂ ಇಲ್ಲ.

ಆದರೆ ಇದೇ ಅಳತೆಗೋಲು ಕಣ್ಣಿದ್ದವರ ಮೇಲೂ ಬೀಳಲಿ! ಲೈಸೆನ್ಸ್ ಈಗ ಐದು ವರ್ಷಕ್ಕೊಮ್ಮೆ ನವೀಕರಣ. ಹೊಲದಲ್ಲೇ ಕೂದಲು ಹಣ್ಣಾದ ಹಿರಿಯರಿಗೆ ಆ ಐದು ವರ್ಷಗಳ ನಡುವೆ ಪೊರೆ ಬಂದರೆ? ಚುನಾವಣೆ ಬಂದಾಗ ಲೈಸೆನ್ಸ್ ಕೋವಿಗಳನ್ನು ಠಾಣೆಗೆ ಒಪ್ಪಿಸಿ ಎನ್ನುತ್ತಾರೆ, ಕಣ್ಣಿಗೆ ಪೊರೆ ಬಂದಾಗ ಯಾರೂ ಕೇಳುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಒಂದು ದಾರಿಯಂತೂ ಇದೆ: ಲೈಸೆನ್ಸುದಾರರಿಗೆ 70 ತುಂಬಿದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷವಾದರೆ, ಅರ್ಹ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ನವೀಕರಣದ ಕಾಗದದ ಜೊತೆ ಒಂದು ಕಣ್ಣಿನ ಪರೀಕ್ಷೆಯ ಚೀಟಿ ಸೇರಿಸಿದರೆ ಯಾರ ಗಂಟು ಹೋಗುತ್ತದೆ?

ಇನ್ನು ಆಟದ ವಿಷಯ! ಕ್ರೀಡೆಗೆ ಬಳಸುವ ಸಾಮಾನ್ಯ 4.5 ಮಿಲಿಮೀಟರ್ ಏರ್‌ಗನ್ನಿಗೆ ಲೈಸೆನ್ಸೇ ಬೇಡ. ದೇವದುರ್ಗದ ಯಾವುದಾದರೂ ಶಾಲೆಯ ಉದ್ದ ಕೊಠಡಿ, ಹಿಂದೆ ಗಟ್ಟಿ ಗೋಡೆ, ಪಕ್ಕದಲ್ಲಿ ಕಣ್ಣಿರುವ ಒಬ್ಬ ತರಬೇತುದಾರ, ಒಂದು ಶಬ್ದದ ಸೆನ್ಸರ್, ಹೆಡ್‌ಫೋನ್. ಇಷ್ಟೇ ಸಾಮಾನು! ಅಲ್ಲಿ ಗುಂಡು ಹೋಗುವ ದಾರಿಯಲ್ಲಿ ಯಾರೂ ಇರುವುದಿಲ್ಲ, ಯಾರದು ಎಂದು ಕೇಳುವ ಪ್ರಶ್ನೆಯೇ ಹುಟ್ಟುವುದಿಲ್ಲ. ಹತ್ತು ಮೀಟರ್ ಜಾಗ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದೆ. ಆ ಸೆನ್ಸರ್ ತರಿಸುವವರು ಯಾರು?