ಭಾಗವತರ ಪದ, ವಾಲಿಯ ಪಟ್ಟು, ಇಪ್ಪತ್ತು ಮುಖದ ದಾಳ

ಊರಲ್ಲಿ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಮುಂಬಯಿಯಲ್ಲಿ ನಮ್ಮ ಹಂಗಾಮು ಶುರು. ಮೇ ತಿಂಗಳ ಕೊನೆಗೆ ತಿರುಗಾಟ ಮುಗಿಸಿದ ಕಲಾವಿದರು ಮಳೆಗಾಲದಲ್ಲಿ ಇಲ್ಲಿಗೆ ಬರುತ್ತಾರೆ, ಸಂಘಗಳು ಸಾಲಾಗಿ ತಾಳಮದ್ದಳೆ ಇಡುತ್ತವೆ. ವಡಾಲದವರಾದ ನಮಗೆ ಮಾಟುಂಗ, ಮಾಹೀಮಿನ ಸಭಾಗೃಹಗಳು ಹತ್ತಿರ. ಕೊಡೆ ಹಿಡಿದು ಹೊರಟರಾಯಿತು. ಹೋಟೆಲ್ ಕೆಲಸ ಮುಗಿಸಿ ರಾತ್ರಿಶಾಲೆಗೆ ಹೋಗುತ್ತಿದ್ದ ತಲೆಮಾರಿನವರು ಈಗ ಮುಂದಿನ ಸಾಲಿನಲ್ಲಿ ಮೊಣಕಾಲು ನೀವಿಕೊಳ್ಳುತ್ತ ಕೂತಿರುತ್ತಾರೆ. ಒಂದು ಅರ್ಥ ಸಡಿಲವಾದರೂ ಅವರಿಗೆ ಗೊತ್ತಾಗುತ್ತದೆ.

ತಾಳಮದ್ದಳೆ ಎಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಭಾಗವತರು ಅದನ್ನು ಹಾಡುತ್ತಾರೆ, ಪಂಚೆ ಶಾಲಿನಲ್ಲಿ ಕೂತ ಅರ್ಥಧಾರಿಗಳು ಪಾತ್ರವಾಗಿ ಆಗಿಂದಾಗಲೇ ಮಾತು ಕಟ್ಟುತ್ತಾರೆ. ಯಾವ್ಯಾವ ಪದ್ಯ ಎಂದು ಮೊದಲೇ ಗುರುತು ಮಾಡಿಕೊಂಡಿರಬಹುದು. ಮಾತನ್ನು ಮಾತ್ರ ಯಾರೂ ಬರೆದುಕೊಟ್ಟಿರುವುದಿಲ್ಲ.

ಇದನ್ನೇ ನೋಡುತ್ತ ಬೆಳೆದ ನನಗೆ ಮಗಳ ಶನಿವಾರದ ಆಟ ಕಂಡಾಗ ಅಷ್ಟೇನೂ ಹೊಸದೆನಿಸಲಿಲ್ಲ. ಅಂದು ಸಂಜೆ ನಮ್ಮ ಊಟದ ಮೇಜು ಅವಳ ಗೆಳೆಯರ ವಶ. ಆಟ ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ್ದು. ಒಬ್ಬರು ಸೂತ್ರಧಾರ, ಅವರ ಮಾತಿನಲ್ಲಿ ಡಿ.ಎಂ. ಊರು, ಕಾಡು, ರಾಕ್ಷಸ, ದಾರಿಹೋಕ ಎಲ್ಲವನ್ನೂ ಡಿ.ಎಂ. ಬಣ್ಣಿಸಬೇಕು. ಉಳಿದವರಿಗೆ ಒಂದೊಂದು ಪಾತ್ರ. ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಅವರು ಹೇಳಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಗೆದ್ದವರು ಸೋತವರು ಎಂದಿಲ್ಲ, ಕಥೆ ಮುಂದುವರಿಯುತ್ತದೆ ಅಷ್ಟೆ.

ಒಂದು ಸಂಜೆ ಅಲ್ಲಿ ಗಲಾಟೆ. ಕಳ್ಳನ ಪಾತ್ರದ ಹುಡುಗ ಹೊಸ ಊರು ಹೊಕ್ಕವನೇ, ‘ಇಲ್ಲಿ ನನ್ನ ಸೋದರಮಾವ ಕಮ್ಮಾರ, ಇವತ್ತು ಅವನ ಮನೇಲೇ ಉಳಿಯೋಣ’ ಅಂದ. ಡಿ.ಎಂ. ಆಗಿದ್ದ ಮಗಳ ಟಿಪ್ಪಣಿ ಪುಸ್ತಕದಲ್ಲಿ ಅಂಥ ಮಾವನಿಲ್ಲ. ಆಟಗಾರ ತನ್ನ ಪಾತ್ರವನ್ನು ಆಡಿಸಬಹುದು ಸರಿ, ಊರಿಗೆ ಒಬ್ಬ ಮನುಷ್ಯನನ್ನೇ ಹುಟ್ಟಿಸಬಹುದೇ? ಹಳೆಯ ಪದ್ಧತಿಯಲ್ಲಿ ಖಂಡಿತ ಇಲ್ಲ. ಪಾತ್ರದ ಮೈ ಮಾತು ಆಟಗಾರನದು, ಮಿಕ್ಕ ಜಗತ್ತೆಲ್ಲ ಸೂತ್ರಧಾರನದು. ಆಮೇಲಿನವರು ಈ ಗಡಿಯನ್ನು ಸಾಕಷ್ಟು ಅಲುಗಿಸಿದ್ದಾರೆ. ವಿನ್ಸೆಂಟ್ ಬೇಕರ್ 2004ರಲ್ಲಿ ತಂದ ‘ಡಾಗ್ಸ್ ಇನ್ ದ ವಿನ್ಯಾರ್ಡ್’ನಲ್ಲಿ ಸೂತ್ರಧಾರ ಒಂದೋ ಹೂಂ ಅನ್ನಬೇಕು, ಇಲ್ಲವೇ ದಾಳ ಉರುಳಿಸಬೇಕು, ಸುಮ್ಮನೆ ಅಡ್ಡಗಾಲು ಹಾಕುವ ಹಾಗಿಲ್ಲ. ಜೇಸನ್ ಮಾರ್ನಿಂಗ್‌ಸ್ಟಾರ್ ಅವರ ‘ಫಿಯಾಸ್ಕೊ’ದಲ್ಲಿ (2009) ಸೂತ್ರಧಾರನೇ ಇಲ್ಲ!

ಮಗಳು ಸ್ವಲ್ಪ ಯೋಚಿಸಿ, ‘ಆಯ್ತು, ಮಾವ ಇದ್ದಾನೆ. ಆದ್ರೆ ಹೋದ ಸಲ ನೀನು ಅವನ ಬೆಳ್ಳಿ ಲೋಟ ಕದ್ದಿದ್ದೆಯಲ್ಲ, ಬಾಗಿಲಲ್ಲೇ ಸುತ್ತಿಗೆ ಹಿಡಿದು ನಿಂತಿದ್ದಾನೆ’ ಎಂದಳು. ಅಡುಗೆಮನೆಯಲ್ಲಿದ್ದ ನಾನು ಭೇಷ್ ಅಂದುಬಿಟ್ಟೆ. ಅದು ಪಕ್ಕಾ ಅರ್ಥಧಾರಿಯ ಬುದ್ಧಿ.

ವಾಲಿವಧೆಯನ್ನೇ ತೆಗೆದುಕೊಳ್ಳಿ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ನಿನ್ನ ನಾಡಿಗೆ ನಾನೇನು ಕೇಡು ಮಾಡಿದೆ, ಬೇರೊಬ್ಬನ ಜತೆ ಕಾದುತ್ತಿದ್ದವನಿಗೆ ಮರೆಯಿಂದ ಏಕೆ ಹೊಡೆದೆ, ಮಂಗನ ಮಾಂಸ ತಿನ್ನುವವನೂ ನೀನಲ್ಲವಲ್ಲ ಎಂದು. ಈ ಭೂಮಿ ಇಕ್ಷ್ವಾಕುಗಳದು, ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು, ಮೃಗವನ್ನು ಮರೆಯಿಂದ ಬೇಟೆಯಾಡುವುದು ತಪ್ಪಲ್ಲ ಎಂದು ರಾಮ. ಇಷ್ಟು ವಾಲ್ಮೀಕಿಯಲ್ಲೇ ಇದೆ. ಕೂಟದ ಸ್ವಾರಸ್ಯ ಇದರಾಚೆಗಿನದು. ವಾಲಿಯ ಅರ್ಥಧಾರಿ ಮಾತಿನ ಭರದಲ್ಲಿ ‘ನಿನ್ನಪ್ಪ ದಶರಥನಿಗೂ ನನಗೂ ಸ್ನೇಹವಿತ್ತು’ ಎಂದುಬಿಟ್ಟ ಎನ್ನಿ. ಪುಸ್ತಕದಲ್ಲಿ ಇದಿಲ್ಲ ಎಂದು ಇದಿರಿನವನು ಹೇಳಿದರೆ ರಸ ಅಲ್ಲೇ ಕೆಟ್ಟಿತು. ‘ಹೌದೇ? ಹಾಗಾದರೆ ಗೆಳೆಯನ ಮಗ ಹೆಂಡತಿಯನ್ನು ಕಳೆದುಕೊಂಡು ನಿನ್ನ ಗಡಿಯಲ್ಲೇ ಅಲೆಯುತ್ತಿದ್ದಾಗ ಒಮ್ಮೆಯಾದರೂ ವಿಚಾರಿಸಿದೆಯಾ?’ ಎನ್ನುವವನು ಜಾಣ. ಕೊಟ್ಟದ್ದನ್ನು ಒಪ್ಪಿಕೊಂಡೇ ಕೊಟ್ಟವನ ಕುತ್ತಿಗೆಗೆ ಸುತ್ತುವುದು. ಕಮ್ಮಾರ ಮಾವನಿಗೆ ಆದದ್ದೂ ಇದೇ.

ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ಮಾಗಧ, ರಾವಣರ ಪಕ್ಷವನ್ನು ತರ್ಕದಿಂದ ಎತ್ತಿ ನಿಲ್ಲಿಸಿ ಹೆಸರಾದವರು. ಆದರೆ ಎಷ್ಟೇ ಗೆದ್ದರೂ ವಾಲಿ ಕೊನೆಗೆ ಮಣಿಯಬೇಕು, ಅಂಗದನನ್ನು ಒಪ್ಪಿಸಿ ಕಣ್ಣು ಮುಚ್ಚಬೇಕು. ವಾದದಲ್ಲಿ ಮೇಲಾದವನು ತಾನು ಮಣಿಯುವುದಕ್ಕೆ ಕಾರಣವನ್ನೂ ತಾನೇ ಹುಡುಕಿಕೊಳ್ಳಬೇಕು. ವಾದ ಗೆಲ್ಲುವುದಕ್ಕಿಂತ ಇದು ಕಷ್ಟದ ಕೆಲಸ ಎಂದು ನನ್ನ ಅಂಬೋಣ. ಇದು ಕೈಲಾಗದವರು ಪಟ್ಟು ಹಿಡಿದು ಜಗಳಕ್ಕಿಳಿಯುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ ಎನ್ನುವುದು ಬೇರೆ ಮಾತು.

ಅಂಥಲ್ಲಿ ಭಾಗವತರು ಬೇಕು. ಅವರು ವಾದಕ್ಕೆ ಇಳಿಯುವುದಿಲ್ಲ, ಯಾರ ಮಾತು ಸರಿ ಎನ್ನುವುದಿಲ್ಲ. ಮುಂದಿನ ಪದ ಎತ್ತುತ್ತಾರೆ. ಮದ್ದಳೆ ಸೇರಿಕೊಂಡಿತೋ, ಅರ್ಧಕ್ಕೆ ನಿಂತ ವಾಕ್ಯ ಅರ್ಧಕ್ಕೇ ನಿಂತಿತು. ಪ್ರಸಂಗಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದ ಬಲಿಪ ನಾರಾಯಣ ಭಾಗವತರಂಥವರು ಕೂತರೆ ಕಥೆ ಎಲ್ಲಿ ಎಳೆಯುತ್ತಿದೆ ಎಂದು ಅವರಿಗೆ ಬೇರೆಯವರು ಹೇಳಬೇಕಿರಲಿಲ್ಲ. ಮುಂಬಯಿಯಲ್ಲಂತೂ ಹೊತ್ತಿಗೆ ಸರಿಯಾಗಿ ಸಭಾಗೃಹ ಬಿಟ್ಟುಕೊಡಬೇಕಾದ್ದರಿಂದ ಭಾಗವತರ ಕಣ್ಣು ಗಡಿಯಾರದ ಮೇಲೂ ಇರುತ್ತದೆ.

ಡಿ.ಎಂ.ಗೆ ಇದಕ್ಕಿಂತ ಅಧಿಕಾರ ಬಹಳ ಹೆಚ್ಚು, ನನಗೆ ಹಿಡಿಸದ್ದೂ ಅದೇ. ಮೇಜಿನ ಮೇಲೆ ರಟ್ಟಿನ ಒಂದು ಪರದೆ ನಿಲ್ಲಿಸಿಕೊಂಡು ಅದರ ಹಿಂದೆ ದಾಳ ಉರುಳಿಸಬಹುದು, ಬಿದ್ದದ್ದು ನಾಲ್ಕು, ಹೇಳಿದ್ದು ಹದಿನಾಲ್ಕು. ಕಥೆಗೆ ಒಳ್ಳೆಯದಾಗಲೆಂದು ಹಾಗೆ ಮಾಡುವುದುಂಟಂತೆ. ನಮ್ಮ ಭಾಗವತರು ಏನು ಮಾಡಿದರೂ ಸಭೆಯ ಕಣ್ಣೆದುರೇ, ಜಾಗಟೆ ಬಾರಿಸಿಯೇ.

ದಾಳದ ವಿಷಯದಲ್ಲಿ ಮಾತ್ರ ನಾನು ಮಕ್ಕಳ ಕಡೆ. ಆ ಗುಂಪಿನಲ್ಲಿ ಮಾತು ತೀರ ಕಡಿಮೆಯ ಹುಡುಗಿಯೊಬ್ಬಳಿದ್ದಾಳೆ. ಅವಳ ಪಾತ್ರ ಮಾತಿನ ಮಲ್ಲಿಯಾದ ಗಾಯಕಿ. ಕೋಟೆಯ ಕಾವಲುಗಾರನನ್ನು ಒಲಿಸಬೇಕಿತ್ತು. ಮಗಳು ಗುರಿ ಹದಿನೈದು ಎಂದಳು. ದಾಳದಲ್ಲಿ ಬಿದ್ದದ್ದು ಹನ್ನೆರಡು, ಗಾಯಕಿಯ ಮೋಡಿಗೆ ನಾಲ್ಕು, ಒಟ್ಟು ಹದಿನಾರು. ‘ಏನು ಹೇಳಿದೆ ಅಂತ ಕೇಳ್ಬೇಡಿ, ಚೆನ್ನಾಗಿ ಹೇಳಿದೆ ಅಂತಿಟ್ಕೊಳ್ಳಿ’ ಎಂದಳು ಹುಡುಗಿ. ಬಾಗಿಲು ತೆರೆಯಿತು. ನಮ್ಮಲ್ಲಿ ರಾಮ ‘ವಾಲಿಗೆ ತಕ್ಕ ಉತ್ತರ ಕೊಟ್ಟೆ ಎಂದು ತಿಳಿಯಿರಿ’ ಅಂದರೆ ಮುಂದಿನ ಸಾಲಿನ ಅಜ್ಜಂದಿರು ಬಿಟ್ಟಾರೆಯೇ! ಆದರೆ ಪುರಾಣವೆಲ್ಲ ಬಾಯಿಪಾಠವಿದ್ದೂ ಸಭೆಯಲ್ಲಿ ನಾಲಗೆ ತಿರುಗದೆ, ಚಹಾ ಹಂಚುತ್ತ, ಕುರ್ಚಿ ಹಾಕುತ್ತ ಉಳಿದುಹೋದವರು ನಮ್ಮ ಸಂಘಗಳಲ್ಲಿ ಬೇಕಾದಷ್ಟು ಮಂದಿ. ಅವರಿಗೊಂದು ಪಾತ್ರ ಕೊಡುವ ದಾರಿ ತಾಳಮದ್ದಳೆಗೆ ಇನ್ನೂ ಹೊಳೆದಿಲ್ಲ.